ಕಾರಿನ ಸ್ಟೀಲ್ ರಿಮ್‌ಗೆ ಮನೆಯಲ್ಲೇ ಬಣ್ಣ: ತುಕ್ಕು ಉಜ್ಜುವುದರಿಂದ ನಟ್ ಬಿಗಿಯುವವರೆಗೆ

ಹತ್ತು ವರ್ಷ ಹಳೆಯ ಆಲ್ಟೋ, ವ್ಯಾಗನ್ ಆರ್ ಅಥವಾ ಸ್ಯಾಂಟ್ರೋ ಕಾರಿನ ವೀಲ್ ಕ್ಯಾಪ್ ತೆಗೆದು ನೋಡಿ. ಮೇಲ್ಮೈ ಎಷ್ಟೇ ಪಾಲಿಶ್ ಆಗಿದ್ದರೂ ಕ್ಯಾಪ್ ಹಿಂದಿನ ರಿಮ್ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಕ್ಯಾಪ್ ಒಳಗೆ ಕೆಸರು ಹೋಗುತ್ತದೆ, ಹೊರಗೆ ಬರುವುದಿಲ್ಲ. ಮಳೆಗಾಲ ಮುಗಿದ ಮೇಲೂ ಆ ಕೆಸರು ತೇವ ಹಿಡಿದುಕೊಂಡೇ ಇರುತ್ತದೆ. ಮಂಗಳೂರು, ಉಡುಪಿ, ಕಾರವಾರದ ಕಡೆ ಉಪ್ಪುಗಾಳಿಯೂ ಸೇರಿಕೊಂಡರೆ ಕೇಳುವುದೇ ಬೇಡ.

ಇದನ್ನು ಮನೆಯಲ್ಲೇ ಚೆನ್ನಾಗಿ ಸರಿ ಮಾಡಬಹುದು. ಆದರೆ ಒಂದು ವಿಷಯ ಮೊದಲೇ ಗೊತ್ತಿರಲಿ. ಬಣ್ಣದ ಡಬ್ಬಿ ಒತ್ತುವ ಕೆಲಸ ಒಂದು ಚಕ್ರಕ್ಕೆ ಹೆಚ್ಚೆಂದರೆ ಅರ್ಧ ಗಂಟೆ. ತೊಳೆಯುವುದು, ಉಜ್ಜುವುದು, ಮುಚ್ಚುವುದು ಸೇರಿ ಅರ್ಧ ದಿನ ಬೇಕು. ಆ ಅರ್ಧ ದಿನ ಕೊಡಲು ಮನಸ್ಸಿಲ್ಲದಿದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ. ತುಕ್ಕಿನ ಮೇಲೆ ಸುಮ್ನೆ ಸಿಲ್ವರ್ ಹೊಡೆದರೆ ಮುಂದಿನ ಮಳೆಗಾಲದಲ್ಲಿ ಅದು ಗುಳ್ಳೆ ಎದ್ದು ಪೊರೆಪೊರೆಯಾಗಿ ಕಿತ್ತು ಬರುತ್ತದೆ.

ಮೊದಲು ರಿಮ್ ನೋಡಿ, ಆಮೇಲೆ ಅಂಗಡಿಗೆ ಹೋಗಿ

ಎಲ್ಲ ರಿಮ್‌ಗೂ ಬಣ್ಣ ಹೊಡೆಯುವುದು ಸರಿಯಲ್ಲ. ಸ್ಟೀಲ್ ರಿಮ್‌ನಲ್ಲಿ ಎರಡು ಭಾಗ ಇರುತ್ತದೆ. ಟೈರ್ ಕೂರುವ ಹೊರಗಿನ ಬಳೆ ಒಂದು, ನಟ್ ಬಿಗಿಯುವ ನಡುವಿನ ತಟ್ಟೆ ಇನ್ನೊಂದು. ಎರಡನ್ನೂ ವೆಲ್ಡ್ ಮಾಡಿ ಸೇರಿಸಿರುತ್ತಾರೆ. ಆ ಸೇರುವ ಜಾಗದಲ್ಲಿ ನೀರು ನಿಲ್ಲುತ್ತದೆ, ತುಕ್ಕು ಮೊದಲು ಹಿಡಿಯುವುದೂ ಅಲ್ಲೇ. ಒಂದು ಸ್ಕ್ರೂಡ್ರೈವರ್ ತುದಿಯಿಂದ ಅಲ್ಲಿ ಕೆರೆದು ನೋಡಿ. ಪುಡಿ ಉದುರಿ ಕೆಳಗೆ ಗಟ್ಟಿ ಕಬ್ಬಿಣ ಸಿಕ್ಕರೆ ತೊಂದರೆಯಿಲ್ಲ. ಹಾಳೆಹಾಳೆಯಾಗಿ ಎದ್ದು ಬಂದು ಗುಂಡಿ ಬಿದ್ದರೆ ಆ ರಿಮ್ ಬದಲಾಯಿಸಿ. ವೆಲ್ಡ್ ಹತ್ತಿರ, ನಟ್ ತೂತಿನ ಸುತ್ತ, ಗಾಳಿ ಕಿಂಡಿಗಳ ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಅಷ್ಟೇ, ಹೊಸದು ಹಾಕಿಸಿ. ನಟ್ ತೂತು ಉರುಟಾಗಿರದೆ ಮೊಟ್ಟೆಯಾಕಾರಕ್ಕೆ ಎಳೆದಿದ್ದರೂ ಅದು ಗುಜರಿಗೇ ಸರಿ. ಬಣ್ಣ ಬಿರುಕನ್ನು ಮುಚ್ಚುತ್ತದೆ, ಕೂಡಿಸುವುದಿಲ್ಲ.

ಅಲಾಯ್ ವೀಲ್ ಇದ್ದವರಿಗೆ ಎರಡು ಮಾತು. ಪೂರ್ತಿ ಬಣ್ಣ ಹೊಡೆದಿರುವ ಅಲಾಯ್ ಆದರೆ ಇಲ್ಲಿ ಹೇಳುವ ಕ್ರಮವೇ ನಡೆಯುತ್ತದೆ. ಅಲ್ಯೂಮಿನಿಯಂ ಬರಿದಾಗಿ ಕಾಣುವ ಕಡೆ ಮಾತ್ರ ಸಾಮಾನ್ಯ ಪ್ರೈಮರ್ ಬದಲು ಎಚ್ ಪ್ರೈಮರ್ (etch primer, ಲೋಹವನ್ನು ತುಸು ಕೊರೆದು ಹಿಡಿಯುವಂಥದ್ದು) ಬೇಕು. ಆದರೆ ಮುಖ ಕನ್ನಡಿಯಂತೆ ಹೊಳೆಯುವ, ಹತ್ತಿರದಿಂದ ನೋಡಿದರೆ ಸಣ್ಣ ಸುತ್ತುಗೆರೆಗಳು ಕಾಣುವ ಡೈಮಂಡ್ ಕಟ್ ಅಲಾಯ್ ಇದ್ದರೆ ಮನೆಯಲ್ಲಿ ಮುಟ್ಟಬೇಡಿ. ಆ ಹೊಳಪು ಲೇಥ್ ಯಂತ್ರದಲ್ಲಿ ತೆಗೆದದ್ದು, ಸ್ಯಾಂಡ್ ಪೇಪರ್‌ನಿಂದ ಬರುವುದಿಲ್ಲ.

ಟೈರ್ ಹೇಗಿದ್ದರೂ ಬದಲಾಯಿಸುವ ಸಮಯ ಬಂದಿದ್ದರೆ ಪೌಡರ್ ಕೋಟಿಂಗ್ ಬಗ್ಗೆಯೂ ಯೋಚಿಸಿ. ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶಗಳಲ್ಲಿ ಈ ಕೆಲಸ ಮಾಡುವವರಿದ್ದಾರೆ. ಪುಡಿ ಬಣ್ಣವನ್ನು ರಿಮ್ ಮೇಲೆ ಹಿಡಿಸಿ ಸುಮಾರು 180 ರಿಂದ 200 ಡಿಗ್ರಿ ಶಾಖದ ಒಲೆಯಲ್ಲಿ ಬೇಯಿಸುತ್ತಾರೆ. ಮನೆಯ ಸ್ಪ್ರೇಗಿಂತ ಅದು ಗಟ್ಟಿ. ಟೈರ್, ವಾಲ್ವ್ ಎಲ್ಲ ಬಿಚ್ಚಿ ಕೊಡಬೇಕು ಅನ್ನುವುದೊಂದೇ ತಾಪತ್ರಯ.

ಸ್ಟೆಪ್ನಿಯಿಂದ ಶುರು ಮಾಡಿ

ನಾಲ್ಕೂ ಚಕ್ರ ಒಟ್ಟಿಗೆ ಬಿಚ್ಚಿ ಕಾರನ್ನು ಕಲ್ಲಿನ ಮೇಲೆ ನಿಲ್ಲಿಸುವ ಯೋಚನೆ ಬಿಟ್ಟುಬಿಡಿ. ಅದು ಅಪಾಯ, ಅಗತ್ಯವೂ ಇಲ್ಲ. ಡಿಕ್ಕಿಯಲ್ಲಿ ಸ್ಟೆಪ್ನಿ ಇದೆ ಅಲ್ವಾ? ಮೊದಲು ಅದಕ್ಕೆ ಬಣ್ಣ ಹೊಡೆಯಿರಿ. ಕೈ ಪಳಗುವುದೂ ಅದರ ಮೇಲೇ ಆಗಲಿ. ಅದು ಒಣಗಿದ ಮೇಲೆ ಹಿಂದಿನ ಎಡ ಚಕ್ರದ ಜಾಗಕ್ಕೆ ಹಾಕಿ, ಬಿಚ್ಚಿದ ಚಕ್ರವನ್ನು ಕೆಲಸಕ್ಕೆ ಎತ್ತಿಕೊಳ್ಳಿ. ಹೀಗೆ ಒಂದೊಂದೇ ಚಕ್ರ ಸುತ್ತಿಕೊಂಡು ಬಂದರೆ ಕಾರು ಒಂದು ದಿನವೂ ನಿಲ್ಲುವುದಿಲ್ಲ. ಆಫೀಸಿಗೆ ಹೋಗುವವರು ವಾರಕ್ಕೊಂದು ಚಕ್ರ ಅಂತ ಶನಿವಾರ, ಭಾನುವಾರ ಮುಗಿಸಬಹುದು.

ಎರಡು ಎಚ್ಚರಿಕೆ ಇದೆ. ಕೆಲವು ಕಾರುಗಳ ಸ್ಟೆಪ್ನಿ ಉಳಿದವಕ್ಕಿಂತ ಚಿಕ್ಕದು ಅಥವಾ ಕಿರಿದು. ಅದರ ಮೇಲೆ ಸಾಮಾನ್ಯವಾಗಿ 80 ಕಿ.ಮೀ. ವೇಗದ ಮಿತಿ ಬರೆದಿರುತ್ತದೆ. ಅಂಥದ್ದನ್ನು ದಿನಗಟ್ಟಲೆ ಓಡಿಸಬಾರದು, ಅದಿದ್ದರೆ ಕಾರು ಮನೆಯಲ್ಲೇ ನಿಲ್ಲುವ ದಿನ ನೋಡಿಕೊಳ್ಳಿ. ಇನ್ನೊಂದು, ಟೈರ್ ಪಕ್ಕದಲ್ಲಿ ತಿರುಗುವ ದಿಕ್ಕಿನ ಬಾಣ ಇದ್ದರೆ ಎಡದ್ದು ಎಡಕ್ಕೇ, ಬಲದ್ದು ಬಲಕ್ಕೇ ಹೋಗಬೇಕು. ಕೊನೆಯಲ್ಲಿ ಸವೆದ ಟೈರ್ ಜೊತೆಗೆ ಸವೆಯದ ಸ್ಟೆಪ್ನಿ ಟೈರ್ ಒಂದೇ ಆಕ್ಸಲ್ ಮೇಲೆ ಉಳಿಯದ ಹಾಗೆ ಮತ್ತೆ ಹಳೇ ಜಾಗಕ್ಕೆ ಹಾಕಿಬಿಡಿ.

ಹವೆ ಮತ್ತು ಜಾಗ

ಒಣ ಹವೆ ಇದ್ದರೆ ಅರ್ಧ ಕೆಲಸ ಗೆದ್ದ ಹಾಗೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದಾಗ ಸ್ಪ್ರೇ ಹೊಡೆದರೆ ಒಣಗುವಾಗ ಬಣ್ಣದ ಮೇಲೆ ಹಾಲಿನಂಥ ಬಿಳಿ ಪೊರೆ ಕಟ್ಟುತ್ತದೆ. ಕರಾವಳಿ, ಮಲೆನಾಡಿನವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಯೋಚನೆಯನ್ನೇ ಮಾಡಬೇಡಿ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಒಳ್ಳೇ ಕಾಲ. ಅದರಲ್ಲೂ ಬೆಳಗ್ಗೆ ಇಬ್ಬನಿ ಆರಿ, ಹತ್ತು ಗಂಟೆ ದಾಟಿದ ಮೇಲೆ ಶುರು ಮಾಡಿ. ಸಂಜೆ ತಂಪು ಇಳಿಯುವ ಮೊದಲು ಕೊನೆಯ ಕೋಟ್ ಮುಗಿದಿರಬೇಕು. ಬಳ್ಳಾರಿ, ರಾಯಚೂರು, ಕಲಬುರಗಿ ಕಡೆ ತೊಂದರೆ ಉಲ್ಟಾ. ಏಪ್ರಿಲ್ ಬಿಸಿಲಿನಲ್ಲಿ ರಿಮ್ ಮುಟ್ಟಲಾಗದಷ್ಟು ಕಾದಿದ್ದರೆ ಬಣ್ಣ ಹರಡುವ ಮೊದಲೇ ಒಣಗಿ ಮರಳಿನಂತೆ ಒರಟಾಗುತ್ತದೆ. ನೆರಳಲ್ಲಿ ಹೊಡೆಯಿರಿ.

ಜಾಗ ತೆರೆದಿರಲಿ, ಆದರೆ ಗಾಳಿ ಬೀಸುವ ಕಡೆ ಬೇಡ. ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ನಲ್ಲಿ ಖಂಡಿತ ಬೇಡ. ಸ್ಪ್ರೇಯ ಮಂಜು ಹತ್ತಾರು ಅಡಿ ತೇಲಿಹೋಗಿ ಪಕ್ಕದವರ ಕಾರಿನ ಗಾಜಿನ ಮೇಲೆ ಕೂರುತ್ತದೆ. ಆ ಆವಿಗೆ ಬೆಂಕಿ ಹೊತ್ತಿಕೊಳ್ಳುತ್ತದೆ. ಗ್ಯಾಸ್ ಗೀಸರ್, ಒಲೆ, ದೇವರ ದೀಪ, ಬೀಡಿ ಸಿಗರೇಟು ಯಾವುದೂ ಹತ್ತಿರ ಇರಬಾರದು. ತಾರಸಿ ಅಥವಾ ಹಿತ್ತಲು ಒಳ್ಳೇದು. ನೆಲಕ್ಕೆ ಹಳೇ ರಟ್ಟು ಹಾಸಿ.

ಏನೇನು ಬೇಕು

ನಾಲ್ಕೈದು ಚಕ್ರದ ಮುಖಕ್ಕೆ 400 ಮಿ.ಲೀ. ಸ್ಪ್ರೇ ಡಬ್ಬಿಗಳಲ್ಲಿ ಪ್ರೈಮರ್ ಎರಡು, ಬಣ್ಣ ಮೂರು, ಕ್ಲಿಯರ್ (ಬಣ್ಣದ ಮೇಲೆ ಹೊಡೆಯುವ ಪಾರದರ್ಶಕ ಕೋಟ್) ಎರಡು ಸಾಮಾನ್ಯವಾಗಿ ಸಾಕು. ಮೂರನ್ನೂ ಒಂದೇ ಕಂಪನಿಯದ್ದು ತೆಗೆದುಕೊಳ್ಳಿ. ಒಂದರ ಥಿನ್ನರ್ ಇನ್ನೊಂದನ್ನು ಕರಗಿಸಿ ಸುಕ್ಕುಗಟ್ಟಿಸುವ ಅಪಾಯ ಕಡಿಮೆಯಾಗುತ್ತದೆ. 80, 180, 320, 600 ನಂಬರಿನ ಸ್ಯಾಂಡ್ ಪೇಪರ್ ಎರಡೆರಡು ಹಾಳೆ, ಕಬ್ಬಿಣದ ತಂತಿ ಬ್ರಷ್, ಥಿನ್ನರ್, ಬಿಳಿ ಹತ್ತಿಬಟ್ಟೆ, ಒಳ್ಳೇ ಮಾಸ್ಕಿಂಗ್ ಟೇಪ್, ಕೈಗವಸು, ಕನ್ನಡಕ. ಉಜ್ಜುವಾಗ ಎನ್-95 ಮಾಸ್ಕ್ ಸಾಕು. ಸ್ಪ್ರೇ ಮಾಡುವಾಗ ಅದು ಸಾಲದು, ಅದು ಧೂಳು ತಡೆಯುತ್ತದೆಯೇ ಹೊರತು ಆವಿಯನ್ನಲ್ಲ. ಆವಿ ಹೀರುವ ಕಾರ್ಟ್ರಿಜ್ ಇರುವ ಮಾಸ್ಕ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಅದನ್ನು ತನ್ನಿ.

ಅಂಗಡಿಯವರು ಶಾಖ ತಡೆಯುತ್ತದೆ ಎಂದು ಸೈಲೆನ್ಸರ್ ಬಣ್ಣ ಕೊಟ್ಟರೆ ಬೇಡ ಅನ್ನಿ. ಅಂಥ ಬಣ್ಣ ಗಟ್ಟಿಯಾಗುವುದೇ ಚೆನ್ನಾಗಿ ಕಾಯಿಸಿದ ಮೇಲೆ. ರಿಮ್ ಅಷ್ಟು ಬಿಸಿಯಾಗುವುದಿಲ್ಲ, ಹಾಗಾಗಿ ಮೆತ್ತಗೇ ಉಳಿದು ಉಗುರು ತಾಗಿದರೂ ಗೀರು ಬೀಳುತ್ತದೆ. ಹಾಗೆಯೇ ಹಾರ್ಡ್ನರ್ ಬೆರೆಸುವ 2ಕೆ ಕ್ಲಿಯರ್ ತುಂಬ ಗಟ್ಟಿ, ನಿಜ. ಆದರೆ ಅದರ ಹಾರ್ಡ್ನರ್‌ನಲ್ಲಿ ಐಸೊಸಯನೇಟ್ ಇರುತ್ತದೆ. ಅದು ಶ್ವಾಸಕೋಶಕ್ಕೆ ಕೆಟ್ಟದ್ದು, ಉಬ್ಬಸ ತರಿಸಬಲ್ಲದು. ಮಕ್ಕಳು, ವಯಸ್ಸಾದವರು ಇರುವ ಮನೆಯಂಗಳದಲ್ಲಿ ಅದನ್ನು ಹೊಡೆಯುವುದು ನನಗಂತೂ ಒಪ್ಪಿಗೆಯಿಲ್ಲ.

ಸ್ಪ್ರೇ ಬೇಡ ಅನ್ನುವವರಿಗೂ ದಾರಿ ಇದೆ. ವೀಲ್ ಕ್ಯಾಪ್ ಹಿಂದೆ ಅಡಗುವ ರಿಮ್‌ಗೆ ಕಪ್ಪು ಸಿಂಥೆಟಿಕ್ ಎನಾಮೆಲ್, ಅಂದರೆ ಮನೆ ಗೇಟಿಗೆ ಹೊಡೆಯುವ ಬಣ್ಣ, ಬ್ರಷ್‌ನಲ್ಲೇ ಎರಡು ಕೋಟ್ ಹಚ್ಚಬಹುದು. ಕೆಳಗೆ ರೆಡ್ ಆಕ್ಸೈಡ್ ಪ್ರೈಮರ್ ಹಚ್ಚಿದರೆ ಆಯಿತು. ಕರಾವಳಿಯವರು ರೆಡ್ ಆಕ್ಸೈಡ್ ಬದಲು ಎರಡು ಡಬ್ಬಿ ಬೆರೆಸುವ ಎಪಾಕ್ಸಿ ಪ್ರೈಮರ್ ಹಚ್ಚಿದರೆ ಉಪ್ಪಿಗೆ ಹೆಚ್ಚು ತಡೆಯುತ್ತದೆ. ಎನಾಮೆಲ್ ಒಂದು ಕೋಟ್‌ಗೆ ಒಂದು ದಿನ ಒಣಗಲಿ. ಎನಾಮೆಲ್ ಮೇಲೆ ಮಾತ್ರ ಸ್ಪ್ರೇ ಲ್ಯಾಕರ್ (ಬೇಗ ಒಣಗುವ ಡಬ್ಬಿ ಬಣ್ಣ) ಹೊಡೆಯಬೇಡಿ, ತಕ್ಷಣ ಸುಕ್ಕು ಏಳುತ್ತದೆ.

ಚಕ್ರ ಬಿಚ್ಚುವುದು

ಸಮತಟ್ಟು ನೆಲ, ಹ್ಯಾಂಡ್ ಬ್ರೇಕ್, ಮೊದಲ ಗೇರ್, ಎದುರು ಮೂಲೆಯ ಚಕ್ರಕ್ಕೆ ಎರಡೂ ಕಡೆ ಕಲ್ಲು. ನಟ್‌ಗಳನ್ನು ಚಕ್ರ ನೆಲದ ಮೇಲಿರುವಾಗಲೇ ಪಾನಾದಿಂದ ಅರ್ಧ ಸುತ್ತು ಸಡಿಲಿಸಿ. ಆಮೇಲೆ ಕಾರಿನ ಪುಸ್ತಕದಲ್ಲಿ ತೋರಿಸಿದ ಜಾಗದಲ್ಲೇ ಜಾಕಿ ಕೊಡಿ. ಜಾಕಿ ಮೇಲಿರುವ ಕಾರಿನ ಕೆಳಗೆ ಕೈಯನ್ನೂ ಹಾಕಬೇಡಿ. ಬಿಚ್ಚಿದ ತಕ್ಷಣ ಇನ್ನೊಂದು ಚಕ್ರ ಹಾಕಿ ನಟ್ ಬಿಗಿದು ಇಳಿಸಿಬಿಡಿ.

ಬಿಚ್ಚಿದ ಚಕ್ರದ ಅಂಚಿನಲ್ಲಿ ಬ್ಯಾಲೆನ್ಸಿಂಗ್‌ಗೆ ಬಡಿದ ಸಣ್ಣ ತೂಕಗಳಿರುತ್ತವೆ. ಕೀಳಬೇಡಿ. ಅವುಗಳ ಸುತ್ತ ತುಕ್ಕು ಜಾಸ್ತಿ ಇದ್ದು ಕೀಳಲೇಬೇಕಾದರೆ ಕೀಳಿ, ಕೆಲಸ ಮುಗಿದ ಮೇಲೆ ಟೈರ್ ಅಂಗಡಿಯಲ್ಲಿ ಬ್ಯಾಲೆನ್ಸಿಂಗ್ ಮಾಡಿಸಿ.

ತೊಳೆಯುವುದು

ಮೊದಲು ಸೋಪು ನೀರು, ಹಳೇ ಟೂತ್ ಬ್ರಷ್. ಕಿಂಡಿಗಳ ಒಳಗೆ, ವೆಲ್ಡ್ ಸಂದಿಯಲ್ಲಿ ಕೂತ ಬ್ರೇಕ್ ಧೂಳು ಹೋಗಬೇಕು. ಒಣಗಿದ ಮೇಲೆ ಥಿನ್ನರ್ ಅದ್ದಿದ ಬಟ್ಟೆಯಿಂದ ಒರೆಸಿ. ಸೀಮೆಎಣ್ಣೆ, ಡೀಸೆಲ್ ಬೇಡ, ಎಣ್ಣೆ ಪಸೆ ಉಳಿಯುತ್ತದೆ. ಉಜ್ಜುವ ಮೊದಲೇ ಥಿನ್ನರ್ ಯಾಕೆ ಅಂದರೆ, ಜಿಡ್ಡಿನ ಮೇಲೆ ಸ್ಯಾಂಡ್ ಪೇಪರ್ ಹಾಕಿದರೆ ಜಿಡ್ಡು ಗೀರುಗಳ ಒಳಗೆ ಸೇರಿಕೊಳ್ಳುತ್ತದೆ.

ಎಲ್ಲಕ್ಕಿಂತ ಕೆಟ್ಟ ಶತ್ರು ಟೈರ್ ಪಾಲಿಶ್. ಸರ್ವಿಸ್ ಮಾಡಿದಾಗ ಟೈರ್ ಕಪ್ಪಗೆ ಹೊಳೆಯಲಿ ಎಂದು ಹಚ್ಚುವ ದ್ರವದಲ್ಲಿ ಹೆಚ್ಚಾಗಿ ಸಿಲಿಕೋನ್ ಇರುತ್ತದೆ. ಅದರ ಒಂದು ಹನಿ ರಿಮ್ ಮೇಲೆ ಉಳಿದರೂ ಬಣ್ಣ ಅಲ್ಲಿಂದ ಹಿಂದೆ ಸರಿದು ಗುಂಡಗಿನ ಕುಳಿ ಬೀಳುತ್ತದೆ. ಟೈರನ್ನೂ ಸೋಪು ಹಾಕಿ ಚೆನ್ನಾಗಿ ತಿಕ್ಕಿ ತೊಳೆಯಿರಿ. ಆದ ಮೇಲೆ ರಿಮ್ ಮೇಲೆ ಸ್ವಲ್ಪ ನೀರು ಚಿಮುಕಿಸಿ ನೋಡಿ. ನೀರು ಹಾಳೆಯಂತೆ ಹರಡಿದರೆ ಸರಿ. ಮುತ್ತುಮುತ್ತಾಗಿ ನಿಂತರೆ ಜಿಡ್ಡು ಇನ್ನೂ ಇದೆ.

ಉಜ್ಜುವುದು: ಇಲ್ಲಿ ಅವಸರ ಬೇಡ

ತಂತಿ ಬ್ರಷ್‌ನಿಂದ ಸಡಿಲ ತುಕ್ಕು ಕೆರೆದು ತೆಗೆಯಿರಿ. ಡ್ರಿಲ್ ಇದ್ದರೆ ಅದಕ್ಕೆ ಹಾಕುವ ತಂತಿ ಬಟ್ಟಲು ಸಿಗುತ್ತದೆ, ಕೆಲಸ ಬೇಗ ಆಗುತ್ತದೆ. ಕನ್ನಡಕ ಮಾತ್ರ ಬಿಡಬೇಡಿ, ಆ ತಂತಿಗಳು ಕಿತ್ತು ಹಾರುತ್ತವೆ. ಆಮೇಲೆ 80 ನಂಬರ್ ಪೇಪರ್‌ನಿಂದ ತುಕ್ಕು ಹಿಡಿದ ಜಾಗವನ್ನು ಮಾತ್ರ ಬೆಳ್ಳಗಿನ ಕಬ್ಬಿಣ ಕಾಣುವವರೆಗೆ ಉಜ್ಜಿ. ಗಟ್ಟಿಯಾಗಿ ಅಂಟಿರುವ ಹಳೇ ಬಣ್ಣವನ್ನು ಪೂರ್ತಿ ತೆಗೆಯುವ ಅಗತ್ಯವಿಲ್ಲ. ಕಂಪನಿಯಲ್ಲಿ ಹಾಕಿದ ಕೆಳಗಿನ ಕೋಟ್ ಮನೆಯಲ್ಲಿ ನಾವು ಹಾಕುವ ಯಾವ ಪ್ರೈಮರ್‌ಗಿಂತಲೂ ಚೆನ್ನಾಗಿ ಹಿಡಿದಿರುತ್ತದೆ. ಅದನ್ನು ಉಳಿಸಿಕೊಳ್ಳಿ.

ಈಗ ಹಳೇ ಬಣ್ಣ ಮತ್ತು ಬರಿ ಕಬ್ಬಿಣ ಸೇರುವ ಅಂಚು. ಇಲ್ಲಿ 180, ಆಮೇಲೆ 320 ಪೇಪರ್. ಉಜ್ಜುತ್ತಾ ಹೋದರೆ ನಡುವೆ ಕಬ್ಬಿಣ, ಅದರ ಸುತ್ತ ಕಪ್ಪು ಅಥವಾ ಬೂದು ಪ್ರೈಮರ್‌ನ ಉಂಗುರ, ಅದರಾಚೆ ಸಿಲ್ವರ್ ಕಾಣುತ್ತದೆ. ಗುಡ್ಡದ ನಕ್ಷೆಯಲ್ಲಿ ಎತ್ತರದ ಗೆರೆಗಳು ಇರುವ ಹಾಗೆ. ಉಂಗುರ ಕಿರಿದಾಗಿದ್ದರೆ ಅಂಚು ಕಡಿದಾಗಿದೆ ಅಂತ ಅರ್ಥ. ಇನ್ನೂ ಉಜ್ಜಿ, ಉಂಗುರ ಬೆರಳಗಲ ಆಗಲಿ. ಕಣ್ಣು ಮುಚ್ಚಿ ಉಗುರನ್ನು ಆ ಅಂಚಿನ ಮೇಲೆ ಅಡ್ಡಡ್ಡ ಎಳೆಯಿರಿ. ಎಲ್ಲೂ ತಡೆಯದೆ ಜಾರಿದರೆ ಮುಗಿಯಿತು. ಉಗುರಿಗೆ ಸಿಕ್ಕಿದ ಮೆಟ್ಟಿಲು ಬಣ್ಣ ಹೊಡೆದ ಮೇಲೆ ಕಣ್ಣಿಗೂ ಸಿಗುತ್ತದೆ.

ಸಣ್ಣ ಗುಂಡಿಗಳ ತಳದಲ್ಲಿ ಕಪ್ಪು ಚುಕ್ಕಿಯಂತೆ ತುಕ್ಕು ಉಳಿಯುತ್ತದೆ. ಪೇಪರ್ ಅಲ್ಲಿಗೆ ಇಳಿಯುವುದಿಲ್ಲ. ಅದಕ್ಕೆ ಫಾಸ್ಪಾರಿಕ್ ಆಸಿಡ್ ಇರುವ ರಸ್ಟ್ ಕನ್ವರ್ಟರ್ ಹಚ್ಚಿ, ಬಾಟಲಿ ಮೇಲೆ ಬರೆದಷ್ಟು ಹೊತ್ತು ಬಿಡಿ, ಅದರಲ್ಲಿ ಹೇಳಿದಂತೆಯೇ ತೊಳೆಯಿರಿ ಅಥವಾ ಒರೆಸಿ. ಒಣಗಿದ ಮೇಲೆ ಉಳಿಯುವ ಬಿಳಿ ಪುಡಿಯನ್ನು 320ರಲ್ಲಿ ತೆಗೆಯಿರಿ. ಕೊನೆಗೆ ಇಡೀ ರಿಮ್ ಮುಖವನ್ನು 320ರಿಂದ ಮಾಸಲು ಮಾಡಿ. ಎಲ್ಲಾದರೂ ಹೊಳಪು ಉಳಿದಿದ್ದರೆ ಅಲ್ಲಿ ಹೊಸ ಬಣ್ಣ ಹಿಡಿಯುವುದಿಲ್ಲ.

ಬರಿ ಕಬ್ಬಿಣ ಕಂಡ ಮೇಲೆ ನೀರು ಹಾಕಿ ಉಜ್ಜಬೇಡಿ. ಕರಾವಳಿಯ ಗಾಳಿಯಲ್ಲಿ ಚಹಾ ಕುಡಿದು ಬರುವಷ್ಟರಲ್ಲಿ ಕಿತ್ತಳೆ ಬಣ್ಣದ ಹೊಸ ತುಕ್ಕು ಬಂದಿರುತ್ತದೆ. ಉಜ್ಜಿದ ದಿನವೇ ಪ್ರೈಮರ್ ಬೀಳಬೇಕು. ನಾಳೆ ಹೊಡೆಯೋಣ ಅನ್ನುವ ಹಾಗಿಲ್ಲ.

ಮುಚ್ಚುವುದು

ಟೈರ್ ಬಿಚ್ಚದೆ ಕೆಲಸ ಮಾಡುವುದಾದರೆ ಹಳೇ ಮದುವೆ ಪತ್ರಿಕೆಗಳನ್ನು ಹುಡುಕಿ ತನ್ನಿ. ಆ ದಪ್ಪ ನುಣುಪು ಕಾರ್ಡಿಗಿಂತ ಒಳ್ಳೇ ಸಾಧನ ಇಲ್ಲ. ವಾಲ್ವ್‌ನಿಂದ ಗಾಳಿ ಪೂರ್ತಿ ಇಳಿಸಿ, ಟೈರನ್ನು ಮಂಡಿಯಿಂದ ಒತ್ತುತ್ತಾ ಕಾರ್ಡುಗಳನ್ನು ರಿಮ್ ಅಂಚು ಮತ್ತು ಟೈರ್ ನಡುವೆ ಒಂದರ ಮೇಲೊಂದು ಸ್ವಲ್ಪ ಕೂರುವಂತೆ ಸುತ್ತಲೂ ಸಿಕ್ಕಿಸಿ. ಟೇಪ್ ಅಂಟಿಸಿದರೆ ಅಂಚಿನಲ್ಲಿ ಗೆರೆ ಉಳಿಯುತ್ತದೆ, ಕಾರ್ಡಿನಲ್ಲಿ ಬಣ್ಣ ಅಂಚು ದಾಟಿ ನೀಟಾಗಿ ಇಳಿಯುತ್ತದೆ. ಉಳಿದ ಟೈರಿಗೆ ನ್ಯೂಸ್ ಪೇಪರ್ ಮುಚ್ಚಿ. ವಾಲ್ವ್‌ಗೆ ಟೇಪ್ ಸುತ್ತಿ. ಟೈರ್ ಪ್ರೆಷರ್ ತೋರಿಸುವ ಸೆನ್ಸರ್ ಇರುವ ಕಾರಾದರೆ ವಾಲ್ವ್ ಹತ್ತಿರ ಒರಟಾಗಿ ಕೈ ಆಡಿಸಬೇಡಿ, ಹಲವು ಕಾರುಗಳಲ್ಲಿ ಸೆನ್ಸರ್ ವಾಲ್ವ್‌ಗೇ ಅಂಟಿಕೊಂಡಿರುತ್ತದೆ.

ಇನ್ನೆರಡು ಜಾಗಕ್ಕೆ ಬಣ್ಣ ತಾಗಲೇಬಾರದು. ಒಂದು, ನಟ್ ಬಂದು ಕೂರುವ ಇಳಿಜಾರು. ಎರಡು, ರಿಮ್ ಹಿಂಭಾಗದಲ್ಲಿ ಹಬ್‌ಗೆ (ಕಾರಿನಲ್ಲಿ ಚಕ್ರ ಕೂರುವ ಭಾಗಕ್ಕೆ) ಒತ್ತಿಕೊಳ್ಳುವ ಸಪಾಟು ಮುಖ. ಅಲ್ಲಿ ಬಣ್ಣ ದಪ್ಪಗಿದ್ದರೆ ಓಡಾಡುತ್ತಾ ಅದು ಜಜ್ಜಿ ತೆಳುವಾಗುತ್ತದೆ, ಆಗ ನಟ್ ಸಡಿಲವಾಗುತ್ತದೆ. ಗುಜರಿ ಅಂಗಡಿಯಿಂದ ಅದೇ ಅಳತೆಯ ಹಳೇ ನಟ್‌ಗಳನ್ನು ತಂದು ತೂತುಗಳಲ್ಲಿ ಕೂರಿಸಿಬಿಟ್ಟರೆ ಇಳಿಜಾರು ತಾನಾಗಿ ಮುಚ್ಚುತ್ತದೆ.

ನಿಧಾನವಾಗಿ ಗಾಳಿ ಇಳಿಯುವ ಟ್ಯೂಬ್‌ಲೆಸ್ ಟೈರ್ ಇದ್ದರೆ ಪಂಕ್ಚರ್ ಅಂಗಡಿಯಲ್ಲಿ ಟೈರ್ ಬಿಚ್ಚಿಸಿಯೇ ಕೆಲಸ ಮಾಡಿ. ಹೆಚ್ಚಿನ ಸಲ ಟೈರ್ ಕೂರುವ ಅಂಚಿನ ತುಕ್ಕೇ ಅದಕ್ಕೆ ಕಾರಣ. ಅಲ್ಲಿ ತುಕ್ಕು ತೆಗೆದು ತೆಳುವಾಗಿ ಒಂದು ಕೋಟ್ ಪ್ರೈಮರ್ ಸಾಕು. ದಪ್ಪ ಬಣ್ಣ ಬಿದ್ದರೆ ಟೈರ್ ಸರಿಯಾಗಿ ಕೂರುವುದಿಲ್ಲ.

ಪ್ರೈಮರ್, ಬಣ್ಣ, ಕ್ಲಿಯರ್

ಕೊನೆಯ ಸಲ ಥಿನ್ನರ್ ಬಟ್ಟೆಯಿಂದ ಒರೆಸಿ, ಐದು ನಿಮಿಷ ಆರಲು ಬಿಡಿ. ಇನ್ನು ಬರಿಗೈಯಲ್ಲಿ ಮುಟ್ಟಬೇಡಿ. ಡಬ್ಬಿಯೊಳಗಿನ ಗುಂಡು ಟಕಟಕ ಅನ್ನಲು ಶುರುವಾದ ಮೇಲೆ ಎರಡು ನಿಮಿಷ ಕುಲುಕಿ. 20 ರಿಂದ 25 ಸೆಂ.ಮೀ. ದೂರ ಇರಲಿ. ಕೈ ರಿಮ್ ಆಚೆಯಿಂದ ಶುರುವಾಗಿ ಈಚೆ ದಾಟಿ ನಿಲ್ಲಬೇಕು. ರಿಮ್ ಮೇಲೇ ಒತ್ತಲು ಶುರು ಮಾಡಿದರೆ ಮೊದಲ ಹನಿಗಳು ಅಲ್ಲೇ ಬೀಳುತ್ತವೆ. ಮೊದಲು ಗಾಳಿ ಕಿಂಡಿಗಳ ಒಳ ಅಂಚು, ಸಂದಿ, ಮೂಲೆ. ಕೊನೆಗೆ ಮುಖ.

ಪ್ರೈಮರ್‌ನ ಮೊದಲ ಕೋಟ್ ಕೆಳಗಿನದ್ದು ಅರ್ಧಂಬರ್ಧ ಕಾಣುವಷ್ಟು ತೆಳು. ಹತ್ತು ನಿಮಿಷ ಬಿಟ್ಟು ಎರಡನೆಯದು. ಒಂದೇ ಸಲ ಪೂರ್ತಿ ಮುಚ್ಚುವ ಆಸೆ ಬೇಡ, ಸೋರಿ ಇಳಿಯುತ್ತದೆ. ಚೆನ್ನಾಗಿ ಒಣಗಿದ ಮೇಲೆ 600 ಪೇಪರ್‌ನಿಂದ ಹಗುರವಾಗಿ ಸವರಿ. ಎಲ್ಲಾದರೂ ಕಬ್ಬಿಣ ಕಂಡರೆ ಅಲ್ಲಿಗೆ ಮತ್ತೆ ಪ್ರೈಮರ್.

ಬಣ್ಣ ಮೂರು ತೆಳು ಕೋಟ್, ನಡುನಡುವೆ ಹತ್ತು ಹದಿನೈದು ನಿಮಿಷ. ಸಿಲ್ವರ್‌ಗೆ ಒಂದು ವಿಶೇಷ ಇದೆ. ಅದರಲ್ಲಿ ಅಲ್ಯೂಮಿನಿಯಂ ಪುಡಿ ತೇಲುತ್ತಿರುತ್ತದೆ. ಒದ್ದೆಯಾಗಿ ಹೊಡೆದರೆ ಆ ಪುಡಿ ಒಂದು ಕಡೆ ಸೇರಿ ಮೋಡ ಕವಿದಂತೆ ಮಚ್ಚೆ ಕಾಣುತ್ತದೆ. ಕೊನೆಯ ಕೋಟನ್ನು ಸ್ವಲ್ಪ ದೂರದಿಂದ, 30 ಸೆಂ.ಮೀ. ಇಟ್ಟುಕೊಂಡು ಮಂಜಿನಂತೆ ಹಾಯಿಸಿದರೆ ಎಲ್ಲ ಒಂದೇ ಸಮ ಆಗುತ್ತದೆ.

ಕ್ಲಿಯರ್ ಎರಡು ಕೋಟ್. ಮೊದಲನೆಯದು ತೆಳು, ಎರಡನೆಯದು ಒದ್ದೆ ಹೊಳಪು ಕಾಣುವಷ್ಟು. ಬಣ್ಣ ಹೊಡೆದು ಎಷ್ಟು ಹೊತ್ತಿನೊಳಗೆ ಕ್ಲಿಯರ್ ಬೀಳಬೇಕು ಅನ್ನುವುದು ಡಬ್ಬಿ ಮೇಲೆ ಬರೆದಿರುತ್ತದೆ, ಅದನ್ನು ಓದಿ ಪಾಲಿಸಿ. ಕೆಲವದ್ದು ಒಂದು ಗಂಟೆಯೊಳಗೆ ಅಥವಾ ಒಂದೆರಡು ದಿನ ಬಿಟ್ಟು, ನಡುವೆ ಬೇಡ ಎಂದಿರುತ್ತದೆ. ಆ ನಡುವಿನ ಹೊತ್ತಿನಲ್ಲಿ ಹೊಡೆದರೆ ಅರೆ ಒಣಗಿದ ಬಣ್ಣ ಉಬ್ಬಿ ಸುಕ್ಕಾಗುತ್ತದೆ. ಕೆಲಸ ಮುಗಿದಾಗ ಡಬ್ಬಿಯನ್ನು ತಲೆಕೆಳಗು ಮಾಡಿ ಬರಿ ಗ್ಯಾಸ್ ಬರುವವರೆಗೆ ಒತ್ತಿ. ನಳಿಕೆ ಕಟ್ಟಿಕೊಳ್ಳುವುದಿಲ್ಲ, ಮುಂದಿನ ಚಕ್ರಕ್ಕೂ ಅದೇ ಡಬ್ಬಿ ಬರುತ್ತದೆ.

ಸೋರಿ ಗೆರೆ ಬಿದ್ದರೆ ಒದ್ದೆಯಿರುವಾಗ ಬೆರಳಿಡಬೇಡಿ. ಒಂದು ದಿನ ಒಣಗಲಿ, 600ರಲ್ಲಿ ಉಜ್ಜಿ ಸಮ ಮಾಡಿ ಅಷ್ಟಕ್ಕೇ ಮತ್ತೆ ಹಾಯಿಸಿ. ಹಾಲಿನ ಪೊರೆ ಬಂದಿದ್ದರೆ ಮಾರನೇ ದಿನದ ಒಣ ಹವೆಯಲ್ಲಿ ಇನ್ನೊಂದು ತೆಳು ಕೋಟ್ ಹೊಡೆದು ನೋಡಿ, ಹಲವು ಸಲ ಅದು ಕರಗಿ ಹೋಗುತ್ತದೆ. ಸುಕ್ಕು ಎದ್ದಿದ್ದರೆ ಮಾತ್ರ ಅಡ್ಡದಾರಿ ಇಲ್ಲ. ಪೂರ್ತಿ ಒಣಗಿಸಿ, ಆ ಭಾಗ ಕೆರೆದು, ಪ್ರೈಮರ್‌ನಿಂದ ಮತ್ತೆ ಶುರು ಮಾಡಬೇಕು.

ವಾಪಸ್ ಹಾಕುವುದು

ಮುಟ್ಟಿದರೆ ಅಂಟದಿರುವುದು ಬೇರೆ, ಗಟ್ಟಿಯಾಗುವುದು ಬೇರೆ. ಕನಿಷ್ಠ 24 ಗಂಟೆ ಬಿಡಿ, 48 ಆದರೆ ಇನ್ನೂ ಒಳ್ಳೇದು. ಕಾರ್ಡು ತೆಗೆದು ಗಾಳಿ ತುಂಬಿಸಿ. ಟೈರ್ ಅಂಚಿಗೆ ಸೋಪು ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಿಕೊಳ್ಳಿ. ಕಾರಿನ ಹಬ್ ಮುಖದ ತುಕ್ಕನ್ನೂ ತಂತಿ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ನಟ್ ಕೂರುವ ಇಳಿಜಾರಿನಲ್ಲಿ ಬಣ್ಣ ಸೇರಿದ್ದರೆ ಈಗಲೇ ಕೆರೆಯಿರಿ. ಸ್ಟಡ್‌ಗೆ, ಅಂದರೆ ನಟ್ ತಿರುಗಿಸುವ ಬೋಲ್ಟಿಗೆ, ಎಣ್ಣೆ, ಗ್ರೀಸ್ ಹಚ್ಚಬೇಡಿ. ಎಣ್ಣೆ ಇದ್ದರೆ ಅದೇ ಜೋರಿಗೆ ನಟ್ ಬೇಕಿದ್ದಕ್ಕಿಂತ ಜಾಸ್ತಿ ಬಿಗಿಯುತ್ತದೆ.

ನಟ್‌ಗಳನ್ನು ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ. ಆಮೇಲೆ ಒಂದರ ಎದುರಿನದ್ದು ಅನ್ನುವ ಹಾಗೆ ಅಡ್ಡಡ್ಡ ಬಿಗಿಯಿರಿ. ಚಕ್ರ ನೆಲಕ್ಕೆ ತಾಗಿದ ಮೇಲೆ ಕೊನೆಯ ಬಿಗಿತ. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 85 ರಿಂದ 110 ನ್ಯೂಟನ್ ಮೀಟರ್ ಹೇಳಿರುತ್ತಾರೆ, ನಿಮ್ಮ ಕಾರಿನ ಪುಸ್ತಕದಲ್ಲಿರುವ ಅಂಕಿಯೇ ಅಂತಿಮ. ಟಾರ್ಕ್ ರೆಂಚ್, ಅಂದರೆ ಬಿಗಿತ ಅಳೆಯುವ ಸಾಧನ, ಇಲ್ಲದಿದ್ದರೆ ಪಾನಾದ ಮೇಲೆ ಹತ್ತಿ ನಿಲ್ಲಬೇಡಿ. ಕೈಯಿಂದ ಚೆನ್ನಾಗಿ ಬಿಗಿದು, ನಿಧಾನವಾಗಿ ಹತ್ತಿರದ ಟೈರ್ ಅಂಗಡಿಗೆ ಹೋಗಿ ಟಾರ್ಕ್ ರೆಂಚ್‌ನಲ್ಲಿ ಸರಿಮಾಡಿಸಿ. ಏರ್ ಗನ್‌ನಲ್ಲಿ ಗರ್ರನೆ ಬಿಗಿಸಿಬಿಟ್ಟರೆ ಹೊಸ ಬಣ್ಣವೂ ಚಕ್ಕೆ ಏಳುತ್ತದೆ, ಸ್ಟಡ್‌ಗೂ ಪೆಟ್ಟು. 50 ರಿಂದ 100 ಕಿ.ಮೀ. ಓಡಿಸಿದ ಮೇಲೆ ಎಲ್ಲ ನಟ್‌ಗಳನ್ನೂ ಮತ್ತೊಮ್ಮೆ ಪರೀಕ್ಷಿಸಿ. ಹೊಸದಾಗಿ ಬಣ್ಣ ಹೊಡೆದ ರಿಮ್‌ಗೆ ಇದನ್ನು ತಪ್ಪಿಸಲೇಬಾರದು.

ಮೊದಲ ಒಂದು ವಾರ ಪ್ರೆಷರ್ ವಾಶ್ ಬೇಡ, ವೀಲ್ ಕ್ಯಾಪ್ ಕೂಡ ಬೇಡ. ಕ್ಯಾಪ್ ಕ್ಲಿಪ್‌ಗಳು ಮೆತ್ತಗಿನ ಬಣ್ಣವನ್ನು ಕೆರೆದುಬಿಡುತ್ತವೆ. ಆಮೇಲೆ ಹಾಕಿ, ಆದರೆ ಮಳೆಗಾಲದಲ್ಲಿ ತಿಂಗಳಿಗೊಮ್ಮೆಯಾದರೂ ಕ್ಯಾಪ್ ತೆಗೆದು ಒಳಗಿನ ಕೆಸರು ತೊಳೆಯಿರಿ. ಉಳಿದ ಬಣ್ಣದಲ್ಲಿ ಒಂದಿಷ್ಟನ್ನು ಸಣ್ಣ ಬಾಟಲಿಗೆ ಒತ್ತಿ ಇಟ್ಟುಕೊಳ್ಳಿ. ಕಲ್ಲು ತಾಗಿ ಚಕ್ಕೆ ಎದ್ದ ಕಡೆ ಆ ವಾರವೇ ಬೆಂಕಿಕಡ್ಡಿ ತುದಿಯಿಂದ ಒಂದು ಹನಿ ಮುಟ್ಟಿಸಿದರೆ ತುಕ್ಕು ಅಲ್ಲಿಂದ ಒಳಗೆ ಹೋಗುವುದಿಲ್ಲ.